ಫ್ರಿಜ್ ಬಾಗಿಲಿನ ಅಯಸ್ಕಾಂತ: ಹೊಸ ಬಾಗಿಲಿಗೆ ಏಕೆ ಅಂಟುವುದಿಲ್ಲ, ಇನ್ನು ಯಾವ ಕೆಲಸಕ್ಕೆ ಬರುತ್ತದೆ?

ಮರೆಗುಳಿ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ದುಡಿದ ನಮ್ಮ ಮನೆಯ ಫ್ರಿಜ್ ಕಳೆದ ವಾರ ಕೆಲಸ ನಿಲ್ಲಿಸಿತು. ಅದರ ಬಾಗಿಲ ಮೇಲಿದ್ದ ಇಪ್ಪತ್ತಮೂರು ಅಯಸ್ಕಾಂತಗಳನ್ನು ಜೋಪಾನವಾಗಿ ಒಂದು ಡಬ್ಬಿಯಲ್ಲಿ ತುಂಬಿಟ್ಟುಕೊಂಡಿದ್ದೆ. ಹೊಸ ಫ್ರಿಜ್ ಬಂದ ದಿನವೇ ಅವನ್ನು ಹಿಂದಿನ ಕ್ರಮದಲ್ಲಿ ಜೋಡಿಸಲು ಹೋದರೆ ಒಂದೂ ನಿಲ್ಲಲಿಲ್ಲ. ಬಾಗಿಲು ನೋಡುವುದಕ್ಕೆ ಉಕ್ಕಿನದೇ. ಆದರೂ ಮರದ ಹಲಗೆಯ ಮೇಲೆ ಇಟ್ಟಂತೆ ಅಯಸ್ಕಾಂತ ಜಾರಿ ನೆಲಕ್ಕೆ ಬೀಳುತ್ತದೆ. ಪಕ್ಕದ ಬಣ್ಣ ಬಳಿದ ತಗಡಿಗೆ ಮಾತ್ರ ಚೆನ್ನಾಗಿ ಅಂಟುತ್ತದೆ.

ನನ್ನ ಅಡ್ಡಹೆಸರೇ ಹೇಳುವಂತೆ, ಔಷಧಿಯ ಚೀಟಿ, ಬಿಲ್ಲಿನ ಕೊನೆಯ ದಿನಾಂಕ, ತುರ್ತು ದೂರವಾಣಿ ಸಂಖ್ಯೆ ಇವೆಲ್ಲ ಕಣ್ಣೆದುರು ನೇತಾಡದಿದ್ದರೆ ನನಗೆ ನೆನಪಿರುವುದಿಲ್ಲ. ಆದ್ದರಿಂದ ಇದು ನನಗೆ ಅಲಂಕಾರದ ಪ್ರಶ್ನೆಯಲ್ಲ. ಈ ಬಾಗಿಲು ಅಯಸ್ಕಾಂತವನ್ನು ಏಕೆ ಒಲ್ಲೆನೆನ್ನುತ್ತದೆ? ಎಲ್ಲವನ್ನೂ ಪಕ್ಕದ ತಗಡಿಗೆ ಅಂಟಿಸಿದರೆ ಯಂತ್ರಕ್ಕೇನಾದರೂ ತೊಂದರೆಯುಂಟೆ? ಇನ್ನೊಂದು ವಿಚಿತ್ರವನ್ನೂ ಗಮನಿಸಿದ್ದೇನೆ. ಅಂಗೈಯಗಲದ ಚಪ್ಪಟೆ ಅಯಸ್ಕಾಂತವು ನಾಲ್ಕು ಹಾಳೆ ಸೇರಿಸಿದೊಡನೆ ಜಾರತೊಡಗುತ್ತದೆ. ಕೋಟಿನ ಗುಂಡಿಯಷ್ಟಿರುವ ಕಪ್ಪು ಬಿಲ್ಲೆ ಅದಕ್ಕಿಂತ ಹೆಚ್ಚು ಹಾಳೆ ಹಿಡಿಯುತ್ತದೆ. ದೊಡ್ಡದಕ್ಕೆ ಬಲ ಹೆಚ್ಚಿರಬೇಕಲ್ಲವೆ? ಜಾಗ ಸಿಗದೆ ಉಳಿಯುವ ಅಯಸ್ಕಾಂತಗಳಿಗೆ ಬೇರೆ ಉಪಯೋಗವಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.

ಲೋಹಪರೀಕ್ಷಕ

ನಿಮ್ಮ ಬಾಗಿಲು ಉಕ್ಕಿನದೇ ಇರಬಹುದು, ಆದರೆ ಉಕ್ಕಿನಲ್ಲಿ ಎಲ್ಲವೂ ಒಂದೇ ಜಾತಿಯಲ್ಲ. ಪಾತ್ರೆ, ಸಿಂಕುಗಳಿಗೆ ಹೆಚ್ಚಾಗಿ ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸುಮಾರು ಶೇಕಡ 18 ಕ್ರೋಮಿಯಂ ಮತ್ತು ಶೇಕಡ 8 ನಿಕಲ್ ಇರುತ್ತವೆ. ಈ ನಿಕಲ್ ಸೇರುವುದರಿಂದ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬದಲಾಗಿ, ಅಯಸ್ಕಾಂತಕ್ಕೆ ಓಗೊಡುವ ಗುಣ ಹೊರಟುಹೋಗುತ್ತದೆ. 430 ದರ್ಜೆಯ ಸ್ಟೀಲಿನಲ್ಲಿ ಕ್ರೋಮಿಯಂ ಹೆಚ್ಚುಕಡಿಮೆ ಅಷ್ಟೇ ಇದ್ದರೂ ನಿಕಲ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅದಕ್ಕೆ ಅಯಸ್ಕಾಂತ ಹಿಡಿಯುತ್ತದೆ. ಎರಡನ್ನೂ ಉಜ್ಜಿ ಹೊಳಪು ಕೊಟ್ಟು ಅಕ್ಕಪಕ್ಕ ಇಟ್ಟರೆ ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ನಿಮ್ಮ ಫ್ರಿಜ್ಜಿನ ಬಾಗಿಲು ಮೊದಲನೆಯ ಜಾತಿಯದೆಂದು ತೋರುತ್ತದೆ. ಪಕ್ಕದ ತಗಡು ಬಣ್ಣ ಬಳಿದ ಸಾಮಾನ್ಯ ಉಕ್ಕು.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಬಾಗಿಲಿನ ತಗಡು ಮಡಚಿಕೊಳ್ಳುವ ಅಂಚಿನ ಹತ್ತಿರ ಬಲವಾದ ಅಯಸ್ಕಾಂತವನ್ನು ಹಿಡಿದರೆ, ನಟ್ಟನಡುವೆ ಇಲ್ಲದ ಒಂದು ಮಂದವಾದ ಸೆಳೆತ ಅಲ್ಲಿ ಕೈಗೆ ತಿಳಿಯಬಹುದು. 304 ದರ್ಜೆಯ ತಗಡನ್ನು ಬಗ್ಗಿಸಿ ಒತ್ತಿದಾಗ, ಬಗ್ಗಿದ ಜಾಗದಲ್ಲಿ ಅದರ ಒಳರಚನೆ ಸ್ವಲ್ಪ ಮಟ್ಟಿಗೆ ಕಾಂತಗುಣವುಳ್ಳ ರೂಪಕ್ಕೆ ತಿರುಗುತ್ತದೆ. ಸ್ಟೀಲ್ ಸಿಂಕಿನ ಮೂಲೆಗಳಲ್ಲಿಯೂ ಇದನ್ನು ಕಾಣಬಹುದು. ‘ಅಯಸ್ಕಾಂತ ಹಿಡಿದರೆ ನಕಲಿ ಸ್ಟೀಲು, ಹಿಡಿಯದಿದ್ದರೆ ಅಸಲಿ’ ಎಂಬ ಮಾತು ಬಹಳ ಜನರಲ್ಲಿ ಬೇರೂರಿದೆ; ಅದು ತಪ್ಪು. 430 ಕೂಡ ಅಸಲಿ ಸ್ಟೇನ್‌ಲೆಸ್ ಸ್ಟೀಲೇ.

ಬಾಗಿಲಿಗೆ ಗಾಜಿನ ಹೊದಿಕೆಯಿದ್ದರೂ ಇದೇ ತೊಂದರೆ ಬರುತ್ತದೆ. ಗಾಜಿನ ಹಿಂದೆ ಉಕ್ಕಿನ ತಗಡಿದ್ದರೂ ನಡುವಿನ ಕೆಲವು ಮಿಲಿಮೀಟರ್ ಅಂತರವೇ ತೆಳುವಾದ ಅಯಸ್ಕಾಂತಗಳನ್ನು ಸೋಲಿಸಲು ಸಾಕು. ಫ್ರಿಜ್ ಕೊಳ್ಳಲು ಹೋಗುವವರು ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗುವುದು ಒಳ್ಳೆಯದು.

ನಿವೃತ್ತ ಮೇಷ್ಟ್ರು

ದೊಡ್ಡದು ಸೋತು ಚಿಕ್ಕದು ಗೆಲ್ಲುವ ಪ್ರಶ್ನೆಗೆ ನಾನು ಉತ್ತರಿಸಲು ಯತ್ನಿಸುತ್ತೇನೆ. ಭೌತಶಾಸ್ತ್ರ ಪಾಠ ಮಾಡುತ್ತಿದ್ದಾಗ ಪ್ರತಿ ವರ್ಷವೂ ನನಗೆ ಪ್ರಿಯವಾಗಿದ್ದ ಪಾಠ ಇದು. ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಬಗ್ಗುವ, ಕತ್ತರಿಯಲ್ಲಿ ಕತ್ತರಿಸಬಹುದಾದ ಚಪ್ಪಟೆ ಅಯಸ್ಕಾಂತವು ಗಟ್ಟಿ ಲೋಹವಲ್ಲ. ಸ್ಟ್ರಾನ್ಷಿಯಂ ಅಥವಾ ಬೇರಿಯಂ ಸೇರಿದ ಕಬ್ಬಿಣದ ಆಕ್ಸೈಡನ್ನು, ಅಂದರೆ ಫೆರೈಟ್ ಪುಡಿಯನ್ನು, ರಬ್ಬರ್ ಅಥವಾ ವಿನೈಲ್ ಜೊತೆ ಕಲಸಿ, ಉರುಳೆಗಳ ನಡುವೆ ಹಾಳೆಯಾಗಿ ಒತ್ತಿ ಅದನ್ನು ತಯಾರಿಸುತ್ತಾರೆ. ಆ ಮೇಲೆ ಅದಕ್ಕೆ ಕಾಂತತ್ವ ತುಂಬುವ ರೀತಿಯಲ್ಲಿಯೇ ಜಾಣತನವಿರುವುದು. ಒಂದು ಮುಖವೆಲ್ಲ ಉತ್ತರ, ಇನ್ನೊಂದು ಮುಖವೆಲ್ಲ ದಕ್ಷಿಣ ಎಂದು ಮಾಡುವುದಿಲ್ಲ. ಹಿಂಬದಿಯಲ್ಲಿ ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು ಕಿರಿದಾದ ಪಟ್ಟೆಗಳನ್ನು ಸಾಲಾಗಿ ಮೂಡಿಸುತ್ತಾರೆ. ಬಲರೇಖೆಗಳು ಒಂದು ಪಟ್ಟೆಯಿಂದ ಹೊರಟು, ಪಕ್ಕದ ಪಟ್ಟೆಗೆ ಕಮಾನಿನಂತೆ ಬಾಗಿ ಇಳಿಯುತ್ತವೆ. ಚಿತ್ರವಿರುವ ಮುಂಬದಿಗೆ ಬರುವ ಕಾಂತಕ್ಷೇತ್ರ ಬಹಳ ಕಡಿಮೆ. ಬಹುಪಾಲು ಕಾಂತಕ್ಷೇತ್ರ ಹಿಂಬದಿಗೇ ಸೇರುತ್ತದೆ. ಒಂದೇ ಬದಿಗೆ ಕಾಂತಕ್ಷೇತ್ರವನ್ನು ದೂಡುವ ಇಂಥ ಜೋಡಣೆಯನ್ನು 1973ರಲ್ಲಿ ಜಾನ್ ಮ್ಯಾಲಿನ್‌ಸನ್ ಎಂಬ ವಿಜ್ಞಾನಿ ಒಂದು ಕುತೂಹಲದ ಸಂಗತಿಯೆಂಬಂತೆ ವಿವರಿಸಿದರು. ಅನಂತರ ಅಮೆರಿಕದ ಬರ್ಕ್ಲಿಯ ಪ್ರಯೋಗಾಲಯದಲ್ಲಿದ್ದ ಕ್ಲಾಸ್ ಹಾಲ್‌ಬಾಖ್ ಅದೇ ತತ್ತ್ವವನ್ನು ಕಣ ವೇಗವರ್ಧಕಗಳಿಗಾಗಿ, ಅಂದರೆ ಸೂಕ್ಷ್ಮ ಕಣಗಳನ್ನು ಅತಿ ವೇಗದಲ್ಲಿ ಓಡಿಸುವ ಯಂತ್ರಗಳಿಗಾಗಿ, ಬೆಳೆಸಿದರು. ಆ ಕಣಗಳ ಪ್ರವಾಹವನ್ನು ಹದ್ದುಬಸ್ತಿನಲ್ಲಿಡುವ ತತ್ತ್ವವೇ ನಿಮ್ಮ ಬಿಲ್ಲಿನ ಚೀಟಿಯನ್ನೂ ಹಿಡಿದಿಟ್ಟಿದೆ.

ಈ ಪಟ್ಟೆಗಳನ್ನು ಕೈಯಿಂದಲೇ ಓದಬಹುದು. ಎರಡು ಚಪ್ಪಟೆ ಅಯಸ್ಕಾಂತಗಳ ಹಿಂಬದಿಗಳನ್ನು ಒಂದಕ್ಕೊಂದು ತಾಗಿಸಿ ನಿಧಾನವಾಗಿ ಎಳೆಯಿರಿ. ಒಂದು ದಿಕ್ಕಿನಲ್ಲಿ ನುಣ್ಣಗೆ ಜಾರುತ್ತವೆ. ಅದಕ್ಕೆ ಅಡ್ಡಲಾದ ದಿಕ್ಕಿನಲ್ಲಿ, ಹಲ್ಲುಗಳಿರುವ ಬಾಚಣಿಗೆಗಳನ್ನು ಉಜ್ಜಿದಂತೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಸಾಗುತ್ತವೆ.

ಈಗ ನಿಮ್ಮ ಹಾಳೆಗಳ ಲೆಕ್ಕಕ್ಕೆ ಬರೋಣ. ಪಟ್ಟೆ ಕಿರಿದಾದಷ್ಟೂ ಬಲರೇಖೆಗಳ ಕಮಾನು ತಗ್ಗಾಗುತ್ತದೆ. ಕಮಾನು ತಗ್ಗಾದಷ್ಟೂ ದೂರ ಹೋದಂತೆ ಬಲ ಬೇಗನೆ ಕುಸಿಯುತ್ತದೆ. ಒಂದೊಂದು ಪಟ್ಟೆಯ ಅಗಲ 2 ಮಿಲಿಮೀಟರ್, ಹಾಳೆಯ ದಪ್ಪ 0.1 ಮಿಲಿಮೀಟರ್ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಒಂದು ಹಾಳೆ ಅಡ್ಡ ಬಂದಾಗ ಸೆಳೆತದ ಬಲದಲ್ಲಿ ಶೇಕಡ 73ರಷ್ಟು ಉಳಿಯುತ್ತದೆ, ನಾಲ್ಕು ಹಾಳೆಗೆ ಶೇಕಡ 28ರಷ್ಟು, ಹತ್ತು ಹಾಳೆಗೆ ಶೇಕಡ 4ರಷ್ಟು ಮಾತ್ರ. ನಿಮ್ಮ ಕಪ್ಪು ಬಿಲ್ಲೆಯಲ್ಲಿ ಪಟ್ಟೆಗಳಿಲ್ಲ. ಅದು ಗಟ್ಟಿ ಫೆರೈಟ್, ಸಾಮಾನ್ಯವಾಗಿ ಒಂದು ಮುಖ ಒಂದು ಧ್ರುವ. ಅದರ ಬಲರೇಖೆಗಳು ದೂರದವರೆಗೆ ಚಾಚಿ ಬಾಗುವುದರಿಂದ ಹತ್ತು ಹಾಳೆಗಳ ಅಂತರ ಅದಕ್ಕೆ ದೊಡ್ಡದೆನಿಸುವುದಿಲ್ಲ. ಚಪ್ಪಟೆಯದು ತಗಡಿಗೆ ನೇರವಾಗಿ ತಾಗಿದಾಗ ಗಟ್ಟಿಗ, ಅಂತರ ಬಂದೊಡನೆ ದುರ್ಬಲ. ಹೀಗಾಗಿ ಚಪ್ಪಟೆಯದನ್ನು ಹಾಳೆಯ ಮೇಲಂಚಿನಲ್ಲಿ, ಅರ್ಧ ಭಾಗ ತಗಡಿಗೇ ತಾಗುವಂತೆ ಇಟ್ಟು ನೋಡಿ, ಆಗ ಜಾರುವುದಿಲ್ಲ.

ಸಂಶಯವಾದಿ

ಮೇಷ್ಟ್ರ ವಿವರಣೆ ಚೆನ್ನಾಗಿದೆ. ಆದರೆ ಪಕ್ಕದ ತಗಡಿಗೆ ಅಂಟಿಸಬಹುದೇ ಎಂಬ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಫ್ರಿಜ್ಜಿಗೆ ಅಯಸ್ಕಾಂತ ಅಂಟಿಸಿದರೆ ವಿದ್ಯುತ್ ಬಿಲ್ಲು ಏರುತ್ತದೆ, ಕಂಪ್ರೆಸರ್ ಬೇಗ ಕೆಡುತ್ತದೆ ಎಂದು ನನಗೆ ಮೊಬೈಲಿನಲ್ಲಿ ಕನಿಷ್ಠ ಮೂರು ಸಲ ಸಂದೇಶ ಬಂದಿದೆ. ನಾನು ನಂಬಿಲ್ಲ, ಆದರೆ ಅಲ್ಲಗಳೆಯಲು ಬೇಕಾದಷ್ಟು ತಿಳಿದೂ ಇಲ್ಲ.

ದುರಸ್ತಿಗಾರ

ಇಪ್ಪತ್ತು ವರ್ಷಗಳಿಂದ ಫ್ರಿಜ್ ದುರಸ್ತಿ ನನ್ನ ಕಸುಬು. ಆ ಸಂದೇಶವನ್ನು ತೋರಿಸಿ, ‘ಅಯಸ್ಕಾಂತದಿಂದಲೇ ನಮ್ಮ ಯಂತ್ರ ಕೆಟ್ಟಿತೆ?’ ಎಂದು ಕೇಳುವವರು ಈಗಲೂ ಸಿಗುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬಗೆಯ ಸುದ್ದಿ ಅದು. ಸುಮ್ಮನೆ ಕುಳಿತಿರುವ ಅಯಸ್ಕಾಂತ ವಿದ್ಯುತ್ತನ್ನು ಸೆಳೆಯುವುದಿಲ್ಲ. ಅದರ ಬಲವೂ ಕೆಲವು ಮಿಲಿಮೀಟರುಗಳಲ್ಲಿ ಕರಗಿಹೋಗುತ್ತದೆ. ಕಂಪ್ರೆಸರ್ ಇರುವುದು ಸಾಮಾನ್ಯವಾಗಿ ಹಿಂಬದಿಯ ತಳದಲ್ಲಿ, ದಪ್ಪ ಉಕ್ಕಿನ ಕವಚದೊಳಗೆ. ಅಷ್ಟೇ ಅಲ್ಲ, ಪ್ರತಿ ಫ್ರಿಜ್ಜಿನ ಬಾಗಿಲಿನ ಸುತ್ತಲೂ ಇರುವ ಗ್ಯಾಸ್ಕೆಟ್ ರಬ್ಬರಿನೊಳಗೆ ಕಾರ್ಖಾನೆಯವರೇ ಉದ್ದನೆಯ ಅಯಸ್ಕಾಂತದ ಪಟ್ಟಿಯನ್ನು ಸೇರಿಸಿರುತ್ತಾರೆ. ಅಯಸ್ಕಾಂತದಿಂದ ಕೆಡುಕಾಗುವುದಿದ್ದರೆ ಮೊದಲು ಅದರಿಂದಲೇ ಆಗಬೇಕಿತ್ತು.

ಆ ಪಟ್ಟಿಯ ಹಿಂದೆ ನೋವಿನ ಕಥೆಯೊಂದಿದೆ. ಹಿಂದೆ ಫ್ರಿಜ್ ಬಾಗಿಲುಗಳಿಗೆ ಹೊರಗಿನಿಂದ ಮಾತ್ರ ತೆರೆಯಬಹುದಾದ ಲೋಹದ ಚಿಲಕಗಳಿರುತ್ತಿದ್ದವು. ಎಸೆದ ಹಳೆಯ ಫ್ರಿಜ್ಜುಗಳೊಳಗೆ ಆಡಲು ಹೊಕ್ಕ ಮಕ್ಕಳು ಹೊರಬರಲಾಗದೆ ಉಸಿರುಗಟ್ಟಿ ಸತ್ತ ಘಟನೆಗಳು ಅಮೆರಿಕದಲ್ಲಿ ಮತ್ತೆ ಮತ್ತೆ ನಡೆದವು. ಒಳಗಿನಿಂದಲೂ ಬಾಗಿಲು ತೆರೆಯುವಂತಿರಬೇಕೆಂದು 1956ರಲ್ಲಿ ಅಲ್ಲಿ ಕಾನೂನೇ ಬಂತು. ಚಿಲಕದ ಜಾಗವನ್ನು ಕ್ರಮೇಣ ಅಯಸ್ಕಾಂತದ ಗ್ಯಾಸ್ಕೆಟ್ ಹಿಡಿಯಿತು. ಗಾಳಿಯಾಡದಂತೆ ಬಾಗಿಲನ್ನು ಮುಚ್ಚಿಡುವಷ್ಟು ಬಲ, ಮಗುವೊಂದು ಒಳಗಿನಿಂದ ತಳ್ಳಿದರೆ ಬಿಟ್ಟುಕೊಡುವಷ್ಟು ಮೆದು. ಎಸೆಯುವ ಫ್ರಿಜ್ಜಿನ ಬಾಗಿಲನ್ನು ಕಳಚಿಯೇ ಹೊರಗಿಡಬೇಕೆಂದು ನಾನು ಈಗಲೂ ಎಲ್ಲರಿಗೂ ಹೇಳುತ್ತೇನೆ.

ಪಕ್ಕದ ತಗಡಿನ ವಿಚಾರದಲ್ಲಿ ಒಂದು ಎಚ್ಚರಿಕೆ ಮಾತ್ರ ಬೇಕು. ಅದು ಅಯಸ್ಕಾಂತದಿಂದಲ್ಲ, ಕಾಗದದಿಂದ. ಈಗಿನ ಹಲವು ಫ್ರಿಜ್ಜುಗಳಲ್ಲಿ ಶಾಖವನ್ನು ಹೊರಹಾಕುವ ಕೊಳವೆಗಳು ಪಕ್ಕದ ತಗಡಿನ ಒಳಮೈಗೇ ಅಂಟಿಕೊಂಡಿರುತ್ತವೆ. ಕೈಯಿಟ್ಟರೆ ಬೆಚ್ಚಗಿರುವುದು ಅದಕ್ಕೇ. ನಾಲ್ಕಾರು ಚೀಟಿಗಳಿಂದ ಏನೂ ಆಗದು. ಆದರೆ ಇಡೀ ಬದಿಯನ್ನು ದಪ್ಪ ರಟ್ಟು, ಕ್ಯಾಲೆಂಡರ್, ಚೀಲಗಳಿಂದ ಮುಚ್ಚಿದರೆ ಶಾಖ ಹೊರಹೋಗುವುದಕ್ಕೆ ಅಡ್ಡಿಯಾಗುತ್ತದೆ, ಆಗ ಕಂಪ್ರೆಸರ್ ಹೆಚ್ಚು ಹೊತ್ತು ಓಡಬೇಕಾಗುತ್ತದೆ. ಆ ಸಂದೇಶದಲ್ಲಿ ಎಳ್ಳಷ್ಟು ಸತ್ಯವಿದ್ದರೆ ಇಷ್ಟೇ.

ಮರೆಗುಳಿ ಅವರೇ, ಹಳೆಯ ಫ್ರಿಜ್ ಇನ್ನೂ ಮನೆಯಲ್ಲಿದ್ದರೆ ಅದರ ಗ್ಯಾಸ್ಕೆಟ್ಟನ್ನು ಬಿಡಬೇಡಿ. ರಬ್ಬರನ್ನು ಸೀಳಿದರೆ ಒಳಗಿನಿಂದ ಕಪ್ಪು ಅಥವಾ ಕಂದು ಬಣ್ಣದ ಪಟ್ಟಿ ಉದ್ದಕ್ಕೂ ಈಚೆ ಬರುತ್ತದೆ. ಬೇಕಾದ ಅಳತೆಗೆ ಕತ್ತರಿಸಿ ಹಲಗೆಗೆ ಅಂಟಿಸಿಕೊಂಡು ನಾನು ಸಣ್ಣ ಸ್ಕ್ರೂಗಳನ್ನೂ ಡ್ರಿಲ್ ಬಿಟ್ಟುಗಳನ್ನೂ ಅದರ ಮೇಲೆಯೇ ಸಾಲಾಗಿ ನಿಲ್ಲಿಸುತ್ತೇನೆ.

ಮರೆಗುಳಿ

ಮೇಷ್ಟ್ರೇ, ಬಾಚಣಿಗೆಯ ಪ್ರಯೋಗ ಮಾಡಿದೆ. ನಲವತ್ತು ವರ್ಷ ಬಳಸಿದ ವಸ್ತುವಿನೊಳಗೆ ಇಂಥದ್ದೊಂದು ಇದೆಯೆಂದು ತಿಳಿದಿರಲಿಲ್ಲ. ಅರ್ಧ ಗಂಟೆ ಅದನ್ನೇ ಉಜ್ಜುತ್ತ ಕುಳಿತಿದ್ದೆ. ಹಾಳೆಗಳ ಪರೀಕ್ಷೆಯನ್ನೂ ಮಾಡಿದೆ. ಚಪ್ಪಟೆಯದು ಮೂರು ಹಾಳೆಗಳವರೆಗೆ ನಿಂತಿತು, ಐದನೆಯದಕ್ಕೆ ಪೂರ್ತಿ ಕೈಬಿಟ್ಟಿತು. ಗುಂಡನೆಯ ಬಿಲ್ಲೆ ಒಂಬತ್ತನ್ನು ಹಿಡಿಯಿತು. ಅರ್ಧ ತಗಡಿಗೆ ತಾಗಿಸುವ ಉಪಾಯ ಫಲಿಸಿದೆ.

ದುರಸ್ತಿಗಾರರೇ, ಹಳೆಯ ಫ್ರಿಜ್ ಹಿತ್ತಲಿನಲ್ಲಿಯೇ ಇದೆ. ಬಾಗಿಲನ್ನು ಈ ಹೊತ್ತೇ ಕಳಚುತ್ತೇನೆ.

ಎರಡು ಮಕ್ಕಳ ತಾಯಿ

ಉಪಯೋಗಗಳ ಪಟ್ಟಿ ಬೆಳೆಯುವ ಮೊದಲು ಒಂದು ಮಾತು ಹೇಳಲೇಬೇಕು. ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಅಕ್ಷರಗಳ ಒಂದು ಕಟ್ಟು ಇತ್ತು. ಪ್ರತಿ ಅಕ್ಷರದ ಬೆನ್ನಿಗೆ ಗೋಲಿಯ ಗಾತ್ರದ ಬಿಲ್ಲೆ ಅಯಸ್ಕಾಂತ ಅಂಟಿಸಿದ್ದರು. ಆರು ತಿಂಗಳಿಗೆ ಅಂಟು ಸಡಿಲವಾಗಿ ಬಿಲ್ಲೆಗಳು ಉದುರತೊಡಗಿದವು. ಒಂದು ಬೆಳಿಗ್ಗೆ ಎರಡು ವರ್ಷದ ಮಗನ ಬಾಯಲ್ಲಿ ಒಂದು ಬಿಲ್ಲೆ ಸಿಕ್ಕಿತು, ನುಂಗಿರಲಿಲ್ಲ. ವೈದ್ಯರು ಆಮೇಲೆ ಹೇಳಿದ್ದನ್ನು ಕೇಳಿ ನನ್ನ ಕೈಕಾಲು ತಣ್ಣಗಾದವು. ಮಗು ಎರಡು ಅಯಸ್ಕಾಂತಗಳನ್ನು ನುಂಗಿದರೆ, ಇಲ್ಲವೇ ಒಂದು ಅಯಸ್ಕಾಂತವನ್ನೂ ಒಂದು ಕಬ್ಬಿಣದ ಚೂರನ್ನೂ ನುಂಗಿದರೆ, ಅವು ಕರುಳಿನ ಬೇರೆ ಬೇರೆ ಸುತ್ತುಗಳಲ್ಲಿ ಇದ್ದುಕೊಂಡೇ ಒಂದನ್ನೊಂದು ಎಳೆಯುತ್ತವೆ. ನಡುವೆ ಸಿಕ್ಕಿದ ಕರುಳಿನ ಗೋಡೆಗೆ ರಕ್ತ ಹರಿಯದೆ ತೂತು ಬೀಳಬಹುದು. ಮೊದಮೊದಲು ಬರಿಯ ವಾಂತಿ, ಹೊಟ್ಟೆನೋವಿನಂತೆ ಕಾಣುವುದರಿಂದ ಗುರುತಿಸುವುದು ತಡವಾಗುತ್ತದೆ. ಅನುಮಾನ ಬಂದರೆ ಕಾಯುತ್ತ ಕೂರದೆ ಆಸ್ಪತ್ರೆಗೆ ಓಡಬೇಕು, ಅಯಸ್ಕಾಂತ ನುಂಗಿರಬಹುದೆಂದು ಮೊದಲ ಮಾತಿನಲ್ಲಿಯೇ ಹೇಳಬೇಕು.

ಈಚೆಗೆ ಬರುವ ಹೊಳೆಯುವ ಬೆಳ್ಳಿಬಣ್ಣದ ನಿಯೋಡಿಮಿಯಂ ಅಯಸ್ಕಾಂತಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅವು ಕಾಳಿನಷ್ಟಿದ್ದರೂ ಬೆರಳಿನ ಚರ್ಮ ಕಚ್ಚುವಷ್ಟು ಬಲವುಳ್ಳವು. ನಮ್ಮ ಮನೆಯಲ್ಲಿ ಈಗ ಬಾಗಿಲಿನ ಕೆಳಭಾಗದಲ್ಲಿ ಅಂಗೈಯಗಲದ ಚಪ್ಪಟೆ ಅಯಸ್ಕಾಂತಗಳು ಮಾತ್ರ ಇವೆ. ಉಳಿದವುಗಳೆಲ್ಲ ನನ್ನ ತಲೆಯಿಂದ ಮೇಲೆ.

ಕಾಗುಣಿತ

ತಾಯಿಯವರ ಎಚ್ಚರಿಕೆಯನ್ನು ಒಪ್ಪಿಕೊಂಡೇ ಅಕ್ಷರಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕನ್ನಡದ ಅಯಸ್ಕಾಂತ ಅಕ್ಷರಗಳೆಂದು ಬರುವ ಕಟ್ಟುಗಳಲ್ಲಿ ನಾನು ನೋಡಿದವೆಲ್ಲ ವರ್ಣಮಾಲೆಯ ಅಕ್ಷರಗಳನ್ನು ಒಂದೊಂದರಂತೆ ಕೊಟ್ಟು ಕೈತೊಳೆದುಕೊಂಡಿವೆ. ಅವುಗಳಿಂದ ‘ಮರ’, ‘ಸರ’ ಬರೆಯಬಹುದು. ಆದರೆ ಮಗು ಮೊದಲು ಬರೆಯಲು ಬಯಸುವ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ ಇವುಗಳಲ್ಲಿ ಯಾವುದನ್ನೂ ಬರೆಯಲಾಗದು, ಏಕೆಂದರೆ ಎಲ್ಲದಕ್ಕೂ ಒತ್ತಕ್ಷರ ಬೇಕು!

ನಾನು ಬಿಳಿ ಮೇಲ್ಮೈಯ ಅಯಸ್ಕಾಂತದ ಹಾಳೆಯನ್ನು ತಂದು, ಕಪ್ಪು ಶಾಯಿಯಲ್ಲಿ ಬರೆದು, ಕತ್ತರಿಯಿಂದಲೇ ಕತ್ತರಿಸಿದೆ. ವ್ಯಂಜನಗಳನ್ನು ತಲೆಕಟ್ಟಿಲ್ಲದೆ ಕತ್ತರಿಸಿ, ತಲೆಕಟ್ಟು, ಗುಡಿಸು, ಏತ್ವಗಳನ್ನು ಬೇರೆಬೇರೆ ತುಂಡುಗಳಾಗಿ ಮಾಡಿಕೊಳ್ಳಬೇಕು. ಆಗ ಮಗು ‘ಕ’ದ ತಲೆಕಟ್ಟನ್ನು ಕಿತ್ತು ಗುಡಿಸನ್ನು ಇಟ್ಟು ‘ಕಿ’ ಮಾಡುತ್ತದೆ. ಎಲ್ಲ ಅಕ್ಷರಗಳೂ ಈ ಏರ್ಪಾಟಿಗೆ ಒಗ್ಗುವುದಿಲ್ಲ. ‘ಮ’, ‘ಯ’ಗಳಂಥವನ್ನು ಇಡಿಯಾಗಿಯೇ ಬರೆಯಬೇಕಾಯಿತು. ಒತ್ತುಗಳು ತೀರ ಚಿಕ್ಕ ತುಂಡುಗಳಾದರೆ ಮೇಲಿನ ಅಪಾಯ ಮತ್ತೆ ಎದುರಾಗುತ್ತದೆಂದು, ಒತ್ತಿನ ಸುತ್ತ ಅಗಲವಾದ ಬಿಳಿ ಅಂಚನ್ನು ಬಿಟ್ಟು ಕತ್ತರಿಸಿದ್ದೇನೆ.

ನಿಧಾನಿ

ನನ್ನ ಎದೆಯಲ್ಲಿ ಪೇಸ್‌ಮೇಕರ್ ಇದೆ. ಇಂಥ ಸಾಧನಗಳಲ್ಲಿ ಅಯಸ್ಕಾಂತವನ್ನು ಗುರುತಿಸುವ ಸ್ವಿಚ್ಚನ್ನು ಬೇಕೆಂದೇ ಇಟ್ಟಿರುತ್ತಾರೆ. ವೈದ್ಯರು ಪರೀಕ್ಷೆಯ ವೇಳೆ ಅಯಸ್ಕಾಂತ ಹಿಡಿದು ಅದನ್ನು ನಿಗದಿತ ಲಯಕ್ಕೆ ಬದಲಿಸುವುದುಂಟು. ಸುಮಾರು 1 ಮಿಲಿಟೆಸ್ಲಾ (ಇದು ಕಾಂತಕ್ಷೇತ್ರದ ಅಳತೆ) ಕ್ಷೇತ್ರ ಸಾಧನವನ್ನು ತಾಗಿದರೂ ಆ ಸ್ವಿಚ್ ಓಗೊಡಬಹುದು. ಫ್ರಿಜ್ಜಿನ ಮುಂದೆ ನಿಲ್ಲುವುದಕ್ಕೆ ನನಗೆ ಯಾವ ನಿರ್ಬಂಧವೂ ಇಲ್ಲ. ಆದರೆ ಬಿದ್ದ ಅಯಸ್ಕಾಂತವನ್ನು ಎತ್ತಿ ಅಂಗಿಯ ಎದೆಯ ಜೇಬಿಗೆ ಹಾಕಿಕೊಳ್ಳುವ ಹಳೆಯ ಅಭ್ಯಾಸವನ್ನು ಬಿಟ್ಟಿದ್ದೇನೆ. ಬಲವಾದ ಅಯಸ್ಕಾಂತಗಳನ್ನು ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರದಲ್ಲಿ ಇಟ್ಟುಕೊಳ್ಳಲು ನನಗೆ ಹೇಳಿದ್ದಾರೆ. ಮನೆಯಲ್ಲಿ ಇಂಥ ಸಾಧನವುಳ್ಳವರಿದ್ದರೆ ಮಕ್ಕಳಿಗೂ ಇದನ್ನು ತಿಳಿಸಿರಿ.

ಸಂಶಯವಾದಿ

ಬ್ಯಾಂಕಿನ ಕಾರ್ಡುಗಳು, ಮೊಬೈಲು, ಕಂಪ್ಯೂಟರುಗಳ ಕಥೆಯೇನು? ಪರ್ಸನ್ನು ಫ್ರಿಜ್ಜಿನ ಮೇಲೆ ಇಡಬೇಡವೆಂದು ಮನೆಯಲ್ಲಿ ದಿನವೂ ಗದರಿಕೆ ಕೇಳುತ್ತಿದ್ದೇನೆ.

ನಿವೃತ್ತ ಮೇಷ್ಟ್ರು

ಗದರಿಕೆಯಲ್ಲಿ ಕಾಲು ಪಾಲು ನ್ಯಾಯವಿದೆ. ಕಾರ್ಡಿನ ಚಿಪ್ಪಿಗೆ ಅಯಸ್ಕಾಂತದಿಂದ ಏನೂ ಆಗುವುದಿಲ್ಲ. ಬೆನ್ನಿನ ಕಪ್ಪು ಪಟ್ಟಿಯಲ್ಲಿರುವ ಬರವಣಿಗೆ ಮಾತ್ರ ಅಳಿಸಬಹುದಾದದ್ದು. ಬ್ಯಾಂಕಿನ ಕಾರ್ಡುಗಳ ಪಟ್ಟಿಯನ್ನು ಅಳಿಸಲು ಸಾಮಾನ್ಯವಾಗಿ 2750 ಅರ್ಸ್ಟೆಡ್ (ಇದೂ ಕಾಂತಕ್ಷೇತ್ರದ ಅಳತೆಯೇ; ಗಾಳಿಯಲ್ಲಿ ಒಂದು ಅರ್ಸ್ಟೆಡ್ ಒಂದು ಗೌಸ್‌ಗೆ ಸಮ) ಅಥವಾ ಅದಕ್ಕೂ ಮೀರಿದ ಕ್ಷೇತ್ರ ಬೇಕು. ಹೋಟೆಲಿನ ಕೋಣೆಯ ಕಾರ್ಡುಗಳಂಥ, ಮತ್ತೆ ಮತ್ತೆ ಬರೆದು ಅಳಿಸುವ ಪಟ್ಟಿಗಳಿಗೆ ಸುಮಾರು 300 ಸಾಕು. ಸಾಧಾರಣ ಫ್ರಿಜ್ ಅಯಸ್ಕಾಂತದ ಮೇಲ್ಮೈಯಲ್ಲಿ 50 ಗೌಸ್, ಅಂದರೆ 5 ಮಿಲಿಟೆಸ್ಲಾದ ಆಸುಪಾಸು ಎಂದು ಹೇಳುವುದು ರೂಢಿ. ಅದು ಭೂಮಿಯ ಕಾಂತಕ್ಷೇತ್ರದ ಸುಮಾರು ನೂರು ಪಟ್ಟು. ಕೇಳಲು ದೊಡ್ಡದಾದರೂ ಬ್ಯಾಂಕಿನ ಕಾರ್ಡಿನ ಮುಂದೆ ಏನೇನೂ ಅಲ್ಲ. ನಿಯೋಡಿಮಿಯಂ ಬಿಲ್ಲೆಯ ಮೇಲ್ಮೈಯಲ್ಲಿ ಸಾವಿರಗಟ್ಟಲೆ ಗೌಸ್ ಇರುತ್ತದೆ. ಅದನ್ನು ಕಾರ್ಡಿಗೆ ಉಜ್ಜಿದರೆ ಪಟ್ಟಿ ಹಾಳಾಗುತ್ತದೆ.

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಳಗೇ ಬಲವಾದ ನಿಯೋಡಿಮಿಯಂ ಅಯಸ್ಕಾಂತಗಳಿವೆ. ಫ್ರಿಜ್ಜಿನ ಅಯಸ್ಕಾಂತಕ್ಕೆ ಅದು ಹೆದರುವುದಿಲ್ಲ. ಮೊಬೈಲಿನಲ್ಲಿ ತಾತ್ಕಾಲಿಕವಾಗಿ ಗೊಂದಲಕ್ಕೊಳಗಾಗುವುದು ಮುಖ್ಯವಾಗಿ ದಿಕ್ಸೂಚಿ. ಕೀಲಿ ಕೊಡುವ ಹಳೆಯ ಕೈಗಡಿಯಾರವನ್ನು ಮಾತ್ರ ದೂರವಿಡಿ. ಅದರ ಸುರುಳಿ ತಂತಿಗೆ ಕಾಂತತ್ವ ಹತ್ತಿದರೆ ಕಾಲವೇ ತಪ್ಪುತ್ತದೆ.

ಹೊಲಿಗೆಪೆಟ್ಟಿಗೆ

ಅಪಾಯಗಳ ಮಾತು ಸಾಕಷ್ಟು ಆಯಿತು. ಇನ್ನು ಪ್ರಶ್ನೆಯ ಕೊನೆಯ ಭಾಗಕ್ಕೆ ಬರುತ್ತೇನೆ. ಅಯಸ್ಕಾಂತಕ್ಕೆ ಕನ್ನಡದಲ್ಲಿ ಸೂಜಿಗಲ್ಲು ಎಂಬ ಹೆಸರೇ ಇದೆ, ಆ ಹೆಸರಿಗೆ ತಕ್ಕ ಕೆಲಸವನ್ನೇ ನಾನು ಅದಕ್ಕೆ ಕೊಟ್ಟಿದ್ದೇನೆ. ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದು ಅಯಸ್ಕಾಂತವನ್ನು ತಲೆಕೆಳಗಾಗಿ ಅಂಟಿಸಿ ಗುಂಡುಪಿನ್ನುಗಳನ್ನು ಅದರ ಮೇಲೆ ಬಿಡುತ್ತೇನೆ. ನೆಲಕ್ಕೆ ಬಿದ್ದ ಸೂಜಿಯನ್ನು ಹುಡುಕುವಾಗ ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ ನೆಲದ ಮೇಲೆ ಎಳೆಯುತ್ತೇನೆ, ಅನಂತರ ಕಾಗದ ಬಿಚ್ಚಿದರೆ ಸೂಜಿ ತಾನಾಗಿ ಉದುರುತ್ತದೆ. ಕಾಗದವಿಲ್ಲದೆ ಎಳೆದರೆ ಅಯಸ್ಕಾಂತದ ಮೈಗೆ ಹತ್ತಿದ ಕಬ್ಬಿಣದ ಧೂಳನ್ನು ಬಿಡಿಸುವುದೇ ದಿನದ ಕೆಲಸವಾಗುತ್ತದೆ.

ಇಂಡಕ್ಷನ್ ಒಲೆಗೆ ಯಾವ ಪಾತ್ರೆ ಆಗುತ್ತದೆಂದು ತಿಳಿಯಲು ಪಾತ್ರೆಯ ತಳಕ್ಕೆ ಅಯಸ್ಕಾಂತ ಹಿಡಿದರೆ ಸಾಕು. ಗಟ್ಟಿಯಾಗಿ ಅಂಟಿದರೆ ಆಗುತ್ತದೆ, ಅಂಟದಿದ್ದರೆ ಆ ಒಲೆಯ ಮೇಲೆ ಅದು ಸಾಮಾನ್ಯವಾಗಿ ಕಾಯುವುದಿಲ್ಲ. ಹಿತ್ತಾಳೆಯದೆಂದು ಕೊಟ್ಟ ಹಿಡಿಕೆಗೆ ಅಯಸ್ಕಾಂತ ಬಲವಾಗಿ ಹಿಡಿಯಿತೆಂದರೆ ಒಳಗೆ ಕಬ್ಬಿಣವಿದೆ, ಹೊರಗೆ ಲೇಪವಷ್ಟೆ. ಗೋಡೆಗೆ ಹೊಡೆದ ಹಲಗೆಗಳ ಹಿಂದಿನ ಚೌಕಟ್ಟು ಎಲ್ಲಿದೆಯೆಂದು ತಿಳಿಯಬೇಕಾದಾಗ, ದಾರಕ್ಕೆ ಕಟ್ಟಿದ ಸಣ್ಣ ಬಲವಾದ ಅಯಸ್ಕಾಂತವನ್ನು ಗೋಡೆಗುಂಟ ಇಳಿಬಿಟ್ಟರೆ ಬಣ್ಣದಡಿಯಲ್ಲಿ ಅಡಗಿದ ಮೊಳೆಯ ಹತ್ತಿರ ಅದು ತಾನಾಗಿ ಗೋಡೆಯತ್ತ ವಾಲುತ್ತದೆ. ತೀರ ದಪ್ಪ ಗಾರೆಯಾದರೆ ಇದು ನಡೆಯುವುದಿಲ್ಲ.

ಸಂಗ್ರಾಹಕ

ಊರೂರು ಸುತ್ತಿದ ನೆನಪಿಗೆ ಅಯಸ್ಕಾಂತ ಕೂಡಿಹಾಕುವವನು ನಾನು. ಉಪಯೋಗವಿಲ್ಲದ್ದನ್ನು ಇಟ್ಟುಕೊಂಡಿದ್ದೇನೆಂದು ನಗುವವರು ನಗಲಿ. ತಗಡಿನ ಮೇಲೆ ಅಯಸ್ಕಾಂತವನ್ನು ಎಳೆಯಬಾರದು, ಎತ್ತಿ ಇಡಬೇಕು. ಅಡಿಗೆ ಸಿಕ್ಕಿದ ಒಂದು ಮರಳಿನ ಕಣ ಬಣ್ಣವನ್ನು ಉದ್ದಕ್ಕೂ ಗೀರುತ್ತದೆ. ಬಗ್ಗುವ ವಿನೈಲ್ ಹಾಳೆಗಳನ್ನು ವರ್ಷಗಟ್ಟಲೆ ಒಂದೇ ಕಡೆ ಬಿಟ್ಟರೆ ಬಣ್ಣಕ್ಕೆ ಕಚ್ಚಿಕೊಂಡು ಗುರುತು ಉಳಿಸುತ್ತವೆ. ಆಗಾಗ ತೆಗೆದು, ಎರಡೂ ಕಡೆ ಒರೆಸಿ, ಒಣಗಿದ ಮೇಲೆ ಇಡಬೇಕು. ಬೆನ್ನಿನ ಬಿಲ್ಲೆ ಕಳಚಿದರೆ ಹಳೆಯ ಅಂಟನ್ನು ಪೂರ್ತಿ ಕೆರೆದು, ಎರಡು ಭಾಗಗಳನ್ನು ಬೆರೆಸುವ ಎಪಾಕ್ಸಿ ಅಂಟನ್ನು ಹಚ್ಚಿ. ನಿಯೋಡಿಮಿಯಂ ಬಿಲ್ಲೆಗಳು ಬಲವಾಗಿದ್ದರೂ ಪೆಡಸು. ಎರಡು ಬಿಲ್ಲೆಗಳು ಒಂದಕ್ಕೊಂದು ಹಾರಿ ಬಡಿದರೆ ಬಿಸ್ಕತ್ತಿನಂತೆ ಒಡೆಯುತ್ತವೆ. ನಿಕಲ್ ಲೇಪ ಹೋದ ಜಾಗದಲ್ಲಿ ತುಕ್ಕು ಹಿಡಿದು ಪುಡಿಯಾಗುತ್ತವೆ. ಸಾಮಾನ್ಯ ದರ್ಜೆಯವು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳುವುದರಿಂದ ಒಲೆಯ ಹತ್ತಿರ ಇಡಬೇಡಿ.

ಇನ್ನೊಂದು ವಿಷಯ. ಇಂಥ ಬಿಲ್ಲೆಗಳ ಪೊಟ್ಟಣದ ಮೇಲೆ ಇಷ್ಟು ಕಿಲೋ ಹಿಡಿಯುತ್ತದೆಂದು ಬರೆದಿರುವುದು ದಪ್ಪ ಉಕ್ಕಿನ ಹಲಗೆಯಿಂದ ನೇರವಾಗಿ ಕೀಳುವ ಲೆಕ್ಕ. ಫ್ರಿಜ್ಜಿನ ತಗಡು ತೆಳು, ಭಾರ ಬೀಳುವುದು ಕೆಳಮುಖವಾಗಿ. ಬೀಗದ ಕೈಗೊಂಚಲನ್ನು ತೂಗುಹಾಕಿದಾಗ ಅಯಸ್ಕಾಂತ ಕಿತ್ತುಬರುವುದಿಲ್ಲ, ಜಾರುತ್ತದೆ. ಬೆನ್ನಿಗೆ ತೆಳುವಾದ ರಬ್ಬರ್ ಪದರ ಅಂಟಿಸಿದರೆ ಸೆಳೆತ ಸ್ವಲ್ಪ ತಗ್ಗಿದರೂ ಹಿಡಿತ ಹೆಚ್ಚುತ್ತದೆ.

ಸಂಶಯವಾದಿ

ಒಂದು ತಕರಾರು. ಬಾಗಿಲ ತುಂಬ ಚೀಟಿ ನೇತುಹಾಕುವುದರಿಂದ ನಿಜವಾಗಿಯೂ ನೆನಪು ಉಳಿಯುತ್ತದೆಯೆ? ನಮ್ಮ ಮನೆಯಲ್ಲಿ ಎರಡು ವರ್ಷದ ಹಿಂದಿನ ಆಮಂತ್ರಣ ಪತ್ರಿಕೆ ಈಗಲೂ ನೇತಾಡುತ್ತಿದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ದಿನವೂ ಕಾಣುವುದು ಕೊನೆಗೆ ಗೋಡೆಯ ಬಣ್ಣದಂತೆ ಆಗಿಬಿಡುತ್ತದೆ.

ಮರೆಗುಳಿ

ತಕರಾರು ಸರಿಯಾದದ್ದೇ, ನಾನೇ ಅದಕ್ಕೆ ಸಾಕ್ಷಿ. ಈ ಸಲ ಜೋಡಣೆಯನ್ನೇ ಬದಲಿಸಿದ್ದೇನೆ. ಪಕ್ಕದ ತಗಡಿನ ಮೇಲ್ಭಾಗದಲ್ಲಿ ಎರಡೇ ಕಾಗದಗಳು ಖಾಯಮ್ಮಾಗಿ ಇವೆ. ಒಂದು ಮನೆಯವರ ಔಷಧಿಗಳ ಮತ್ತು ಅಲರ್ಜಿಗಳ ವಿವರ, ಇನ್ನೊಂದು ತುರ್ತು ಸಂಖ್ಯೆಗಳು. ನಾನು ಪ್ರಜ್ಞೆ ತಪ್ಪಿ ಬಿದ್ದರೆ ಮನೆಗೆ ಬರುವ ಅಪರಿಚಿತರ ಕಣ್ಣಿಗೂ ಬೀಳಲೆಂದು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೇನೆ. ಅವುಗಳನ್ನು ಗುಂಡನೆಯ ಫೆರೈಟ್ ಬಿಲ್ಲೆಗಳು ಹಿಡಿದಿವೆ. ಅವುಗಳ ಕೆಳಗೆ ಒಂದೇ ಒಂದು ಚಪ್ಪಟೆ ಅಯಸ್ಕಾಂತ, ಅದರಡಿ ಆ ದಿನದ ಚೀಟಿ ಮಾತ್ರ. ನಾಲ್ಕನೆಯ ಹಾಳೆ ಸೇರಿಸಿದರೆ ಅದೇ ಜಾರಿ ಬಿದ್ದು ನನ್ನನ್ನು ಗದರಿಸುತ್ತದೆ. ಹಾಗಾಗಿ ಅದರ ದೌರ್ಬಲ್ಯವನ್ನೇ ಕೆಲಸಕ್ಕೆ ಹಚ್ಚಿದಂತಾಯಿತು.

ಹಳೆಯ ಫ್ರಿಜ್ಜಿನ ಬಾಗಿಲು ಕಳಚಿ, ಗ್ಯಾಸ್ಕೆಟ್ಟಿನಿಂದ ನಾಲ್ಕು ಉದ್ದನೆಯ ಪಟ್ಟಿಗಳನ್ನು ತೆಗೆದಿದ್ದೇನೆ. ಎರಡನ್ನು ಉಪಕರಣಗಳ ಹಲಗೆಗೆ ಅಂಟಿಸಿದ್ದಾಯಿತು. ಕಳಚಿದ ಬಾಗಿಲಿನ ಹೊರತಗಡು ಹಳೆಯ ಕಾಲದ ಬಣ್ಣ ಬಳಿದ ಉಕ್ಕು, ಅಯಸ್ಕಾಂತ ಚೆನ್ನಾಗಿ ಹಿಡಿಯುತ್ತದೆ. ಅದನ್ನು ಬಿಡಿಸಿ, ಅಂಚುಗಳನ್ನು ಅರದಿಂದ ಉಜ್ಜಿ ಗೋಡೆಗೆ ಹಾಕಿದರೆ ಉಳಿದ ಹತ್ತೊಂಬತ್ತು ಅಯಸ್ಕಾಂತಗಳಿಗೂ ಜಾಗವಾಗುತ್ತದೆಂಬ ಯೋಚನೆ ಬಂದಿದೆ. ದುರಸ್ತಿಗಾರರೇ, ಒಳಗಿನ ನೊರೆಯಂಥ ಹಳದಿ ತುಂಬುವಿಕೆಯನ್ನು ತಗಡಿನಿಂದ ಬಿಡಿಸುವ ಸುರಕ್ಷಿತ ವಿಧಾನ ಯಾವುದು?

ದುರಸ್ತಿಗಾರ

ಅದು ಪಾಲಿಯುರೆಥೇನ್ ನೊರೆ. ಬೆಂಕಿಯನ್ನಾಗಲಿ ಬಿಸಿಗಾಳಿಯನ್ನಾಗಲಿ ಹತ್ತಿರ ತರಬೇಡಿ, ಅದರ ಹೊಗೆ ವಿಷ. ಮುಖಕ್ಕೆ ಮುಸುಕು, ಕೈಗೆ ದಪ್ಪ ಗವಸು ಹಾಕಿಕೊಂಡು, ಬಯಲಿನಲ್ಲಿ ಉದ್ದನೆಯ ಚಾಕುವಿನಿಂದ ತಗಡಿಗೆ ಒತ್ತಿಕೊಂಡಂತೆ ಹಾಳೆ ಹಾಳೆಯಾಗಿ ಸೀಳಿ. ಕೊನೆಗೆ ಉಳಿಯುವ ತೆಳುಪದರವನ್ನು ಪೂರ್ತಿ ಕೆರೆಯುವ ಗೋಜು ಬೇಡ, ಅದು ಗೋಡೆಯ ಕಡೆಗೇ ಇರುತ್ತದೆ.